ಮಹಿಳೆ, ಶಾಂತಿ, ಭದ್ರತೆ: 1325ಕ್ಕೆ 25 ತುಂಬಿತು, ಉಸಿರಾಡ್ತಿದೆಯಾ ಇಲ್ವಾ?

ಗೋಡೆಗಡಿಯಾರ
ಭದ್ರತಾ ಮಂಡಳಿಯ 1325ನೇ ನಿರ್ಣಯ ಬಂದದ್ದು 2000ದ ಅಕ್ಟೋಬರ್ 31ರಂದು. ಯುದ್ಧ ನಿಲ್ಲಿಸುವ ಮಾತುಕತೆಯಲ್ಲಿ, ಶಾಂತಿಪಾಲನಾ ಪಡೆಯಲ್ಲಿ, ಆಮೇಲೆ ದೇಶ ಎತ್ತಿ ನಿಲ್ಲಿಸುವ ಕೆಲಸದಲ್ಲಿ ಹೆಂಗಸರಿಗೂ ಪಾಲಿರಬೇಕು ಅಂತ ಆವತ್ತು 15 ಸದಸ್ಯರೂ ಕೈ ಎತ್ತಿದ್ದರು. ಅದಕ್ಕೆ 25 ತುಂಬಿದ ವರ್ಷವೇ, 2025ರ ಏಪ್ರಿಲ್‌ನಲ್ಲಿ, ಅಮೆರಿಕದ ರಕ್ಷಣಾ ಕಾರ್ಯದರ್ಶಿ ಹೆಗ್ಸೆತ್ ತಮ್ಮ ಇಲಾಖೆಯ ಈ ಕಾರ್ಯಕ್ರಮವನ್ನು ಹೆಮ್ಮೆಯಿಂದ ಮುಗಿಸಿದ್ದೇನೆ ಅಂತ ಸಾರಿದರು. ಸ್ವೀಡನ್ 2014ರಲ್ಲಿ ಎಲ್ಲರಿಗಿಂತ ಮೊದಲು ‘ಸ್ತ್ರೀವಾದಿ ವಿದೇಶಾಂಗ ನೀತಿ’ ಅಂತ ಬೋರ್ಡು ಬರೆಸಿತ್ತು. 2022ರಲ್ಲಿ ಸರ್ಕಾರ ಬದಲಾಯಿತು, ಬೋರ್ಡೂ ಇಳಿಯಿತು.

ನನ್ನ ಪ್ರಶ್ನೆ ಇಷ್ಟೇ. ಭಾಷಣ ಬೇಡ. ಈ ನಿರ್ಣಯದಿಂದ, ಅಥವಾ ಅದರ ಹೆಸರಲ್ಲಿ ನಡೆದ ಕೆಲಸದಿಂದ, ನೆಲದ ಮೇಲೆ ಏನು ಬದಲಾಯಿತು? ಎಲ್ಲಿ ಕೈಕೊಟ್ಟಿತು, ಯಾಕೆ? ದೊಡ್ಡ ದೇಶಗಳು ಹಿಂದೆ ಸರೀತಿರೋ ಈ ಹೊತ್ತಲ್ಲಿ ಏನು ಉಳಿಯುತ್ತೆ? ಗೊತ್ತಿರುವವರು ಬರೀರಿ.

ನೇರನುಡಿ
ಉಳಿಯೋದು ಪ್ರತಿ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಲ್ಲಿ ನಡೆಯೋ ಒಂದು ದಿನದ ಚರ್ಚೆ. ಎಲ್ಲಾ ದೇಶದವರೂ ಬಂದು ಬದ್ಧತೆ ಪುನರುಚ್ಚರಿಸಿ ಹೋಗ್ತಾರೆ. 1325 ವಿಶ್ವಸಂಸ್ಥೆ ಸನ್ನದಿನ ಏಳನೇ ಅಧ್ಯಾಯದ, ಅಂದರೆ ಬಲವಂತದಿಂದ ಜಾರಿ ಮಾಡಿಸೋ ಥರದ, ನಿರ್ಣಯವೇ ಅಲ್ಲ. ಪಾಲಿಸದಿದ್ದರೆ ದಂಡ ಇಲ್ಲ, ನಿರ್ಬಂಧ ಇಲ್ಲ. ಅದರ ಕ್ರಿಯಾಪದಗಳನ್ನೇ ನೋಡಿ: ‘ಒತ್ತಾಯಿಸುತ್ತದೆ’, ‘ಪ್ರೋತ್ಸಾಹಿಸುತ್ತದೆ’, ‘ಕರೆ ಕೊಡುತ್ತದೆ’. ಹಲ್ಲಿಲ್ಲದ ಹಾವು.

ಕಡತಹುಳ
ಹಲ್ಲಿಲ್ಲ ಸರಿ, ಸತ್ತಿಲ್ಲ. ಹೊಸ ಮರಿ ಹಾಕೋದು ನಿಂತಿದೆ, ಅದೂ ಬೇಕಂತಲೇ. ಯಾಕೆ ಅಂತ ಗೊತ್ತಾಗಬೇಕಾದರೆ ಮಂಡಳಿಯಲ್ಲಿ ನಿರ್ಣಯ ತಯಾರಾಗೋ ಬಗೆ ನೋಡಬೇಕು.

ಒಂದು ದೇಶ ಕರಡಿನ ಹೊಣೆ ಹೊರುತ್ತೆ, ಅದಕ್ಕೆ ಪೆನ್‌ಹೋಲ್ಡರ್ ಅಂತಾರೆ. ಅದು ಮೊದಲ ಕರಡು ಹಂಚುತ್ತೆ. ಉಳಿದ 14 ದೇಶದ ಅಧಿಕಾರಿಗಳು ಸಾಲುಸಾಲು ಹಿಡಿದು ಚೌಕಾಸಿ ಮಾಡ್ತಾರೆ. ಇನ್ನೇನು ಕುದುರಿತು ಅನ್ನೋವಾಗ ಕರಡನ್ನ ‘ಮೌನ’ಕ್ಕೆ ಹಾಕ್ತಾರೆ: ಇಂಥ ದಿನ ಇಷ್ಟು ಗಂಟೆಯೊಳಗೆ ಯಾರೂ ತಕರಾರು ಬರೆಯದಿದ್ದರೆ ಒಪ್ಪಿಗೆ ಅಂತ ಲೆಕ್ಕ. ಒಬ್ಬರು ಬರೆದರೂ ಮೌನ ಮುರಿಯಿತು, ಮತ್ತೆ ಚೌಕಾಸಿ. ಕೊನೆಗೆ ಅಂತಿಮ ಕರಡು ‘ನೀಲಿ’ ಅಕ್ಷರದಲ್ಲಿ ಅಚ್ಚಾಗಿ ಮತಕ್ಕೆ ಬರುತ್ತೆ. 9 ಮತ ಬೇಕು, ಐವರು ಕಾಯಂ ಸದಸ್ಯರಲ್ಲಿ ಯಾರೂ ವೀಟೊ ಹಾಕಬಾರದು.

ಈ ಸಂತೆಯಲ್ಲಿ ಅತಿ ಬೆಲೆಯ ಸರಕು ‘ಒಪ್ಪಿತ ಭಾಷೆ’. ಹಿಂದೊಮ್ಮೆ ಅಂಗೀಕಾರವಾದ ವಾಕ್ಯವನ್ನ ಇದ್ದ ಹಾಗೇ ಎತ್ತಿಟ್ಟರೆ ಬೇಡ ಅನ್ನೋದು ಕಷ್ಟ. ಹೊಸ ಪದ ತಂದಿರೋ, ಹಳೇದೂ ಬಿಚ್ಚಿಕೊಳ್ಳುತ್ತೆ. 2019ರ ಏಪ್ರಿಲ್‌ನಲ್ಲಿ ಆಗಿದ್ದು ಅದೇ. ಯುದ್ಧದಲ್ಲಿನ ಲೈಂಗಿಕ ಹಿಂಸೆ ಬಗ್ಗೆ ಜರ್ಮನಿ 2467ರ ಕರಡು ತಂತು. ಅದರಲ್ಲಿ ‘ಲೈಂಗಿಕ ಮತ್ತು ಸಂತಾನೋತ್ಪತ್ತಿ ಆರೋಗ್ಯ’ ಅನ್ನೋ ಮಾತಿತ್ತು. 2013ರ 2106ರಲ್ಲಿ ಮಂಡಳಿ ಒಪ್ಪಿದ್ದ ಮಾತೇ ಅದು. ಅಮೆರಿಕ ವೀಟೊ ಬೆದರಿಕೆ ಹಾಕಿತು, ಆ ಮಾತು ಕಿತ್ತುಹಾಕಿದರು. ಆಮೇಲೂ ಸರ್ವಾನುಮತ ಸಿಗಲಿಲ್ಲ: 13 ಪರ, ರಷ್ಯಾ ಮತ್ತು ಚೀನಾ ತಟಸ್ಥ. ಮರುವರ್ಷ 20ನೇ ವಾರ್ಷಿಕಕ್ಕೆ ರಷ್ಯಾ ತನ್ನದೊಂದು ಕರಡು ತಂತು. ಇದು ಇದ್ದದ್ದನ್ನೂ ತೆಳು ಮಾಡುತ್ತೆ ಅಂತ 10 ದೇಶ ತಟಸ್ಥವಾಗಿ ಕೂತವು, 5 ಮತ ಮಾತ್ರ ಬಿದ್ದು ಕರಡು ಬಿತ್ತು.

ಈಗಿನ ಜಾಣತನ ಅಂದರೆ ಹೊಸ ನಿರ್ಣಯ ತರದಿರೋದು. ಈ ವಿಷಯದ ಮೇಲೆ ಇರೋ ಹತ್ತು ನಿರ್ಣಯಗಳನ್ನ ಕಾಪಾಡಿಕೊಂಡು ದೇಶವಾರು ನಿರ್ಣಯಗಳಲ್ಲಿ, ಶಾಂತಿಪಡೆಯ ಅವಧಿ ನವೀಕರಿಸೋವಾಗ, ಹಳೇ ವಾಕ್ಯ ಸೇರಿಸಿಕೊಂಡು ಹೋಗೋದು. 2023ರ ಏಪ್ರಿಲ್‌ನ 2681 ಹಾಗೆ ಬಂದದ್ದು. ವಿಶ್ವಸಂಸ್ಥೆಯಲ್ಲಿ ಆಫ್ಘನ್ ಹೆಂಗಸರು ಕೆಲಸ ಮಾಡಬಾರದು ಅಂತ ತಾಲಿಬಾನ್ ಹಾಕಿದ ನಿಷೇಧವನ್ನ ಖಂಡಿಸಿತು, ಸರ್ವಾನುಮತ. ನಿಷೇಧ ಹೋಗಲಿಲ್ಲ, ಅದು ಬೇರೆ ಮಾತು.

ಅಡ್ಡಕಸುಬಿ
ಮೌನಂ ಸಮ್ಮತಿ ಲಕ್ಷಣಂ ಅಂತ ನಮ್ಮೋರು ಹೇಳಿದ್ದನ್ನೇ ಮಂಡಳಿ ಕಾಪಿ ಹೊಡೆದಿದೆ ಅನ್ನಿ.

ತಕ್ಕಡಿ
ಯಾರಾದರೂ ಬರೆಯೋ ಮುಂಚೆ ಒಂದು ಎಚ್ಚರಿಕೆ. ‘ಹೆಂಗಸರು ಪಾಲ್ಗೊಂಡ ಒಪ್ಪಂದ 15 ವರ್ಷ ಬಾಳುವ ಸಾಧ್ಯತೆ ಶೇ 35 ಜಾಸ್ತಿ’ ಅನ್ನೋ ಸಾಲು ಎಲ್ಲಾ ಭಾಷಣದಲ್ಲೂ ಬರುತ್ತೆ. 2015ರ ವಿಶ್ವಸಂಸ್ಥೆಯ ಜಾಗತಿಕ ಅಧ್ಯಯನದ ನಂತರ ಅದು ಮಂತ್ರ ಆಗಿಬಿಟ್ಟಿದೆ. ಅದು ಸಹಸಂಬಂಧದ ಲೆಕ್ಕ, ಕಾರಣದ ಲೆಕ್ಕ ಅಲ್ಲ. ಹೆಂಗಸರನ್ನು ಒಳಗೆ ಬಿಡುವಷ್ಟು ಮೆತ್ತಗಾದ ಪಕ್ಷಗಳು ಮೊದಲೇ ರಾಜಿಗೆ ತಯಾರಿದ್ದಿರಬಹುದು. 2018ರಲ್ಲಿ ಸಂಶೋಧಕಿ ಕ್ರೌಸ್ ಮತ್ತು ಸಂಗಡಿಗರು 1989ರಿಂದ 2011ರವರೆಗಿನ 82 ಒಪ್ಪಂದ ನೋಡಿದರು. ಅದರಲ್ಲಿ ಹೆಂಗಸರ ಸಹಿ ಇದ್ದದ್ದು ಕೆಲವೇ ಕೆಲವು. ಇಷ್ಟು ಸಣ್ಣ ಗುಂಪಿನಿಂದ ಶೇಕಡಾವಾರು ಹಿಂಡೋವಾಗ ಕೈ ನಡುಗಬೇಕು. ಅವರ ಕೆಲಸದಲ್ಲಿ ನಿಜಕ್ಕೂ ಉಪಯೋಗದ ಮಾತು ಬೇರೆ ಇದೆ: ಸಹಿ ಹಾಕಿದ ಹೆಂಗಸರಿಗೂ ಹೊರಗಿನ ಮಹಿಳಾ ಸಂಘಟನೆಗಳಿಗೂ ನಂಟಿದ್ದಾಗ ಒಪ್ಪಂದದಲ್ಲಿ ಸುಧಾರಣೆಯ ಅಂಶಗಳು ಹೆಚ್ಚು, ಜಾರಿಯೂ ಹೆಚ್ಚು.

ಸರಾಸರಿಯೂ ಮೋಸ ಮಾಡುತ್ತೆ. 2023ರ ಒಪ್ಪಂದಗಳಿಗೆ ಸಹಿ ಹಾಕಿದವರಲ್ಲಿ ಶೇ 26.6 ಹೆಂಗಸರು ಅಂತ ಪ್ರಧಾನ ಕಾರ್ಯದರ್ಶಿಯ ವರದಿ. ಕೊಲಂಬಿಯಾ ಒಂದನ್ನ ತೆಗೆದುಬಿಡಿ, ಅದು ಶೇ 1.5ಕ್ಕೆ ಇಳಿಯುತ್ತೆ.

ಸಂಧಿವಿಗ್ರಹಿ
ತಕ್ಕಡಿಯವರು ಹೇಳಿದ ನಂಟಿನ ಮಾತೇ ಮುಖ್ಯ. ಆದರೆ ಅದಕ್ಕಿಂತ ಹಿಂದಿನ ಪ್ರಶ್ನೆ: ಒಳಗೆ ಹೋಗೋ ಬಾಗಿಲು ಯಾರು ಮಾಡಿದರು, ಎಷ್ಟು ಅಗಲ ಮಾಡಿದರು?

ಉತ್ತರ ಐರ್ಲೆಂಡ್ ತಗೊಳ್ಳಿ. 1996ರಲ್ಲಿ ಮಾತುಕತೆಗೆ ಯಾರು ಬರಬೇಕು ಅಂತ ತೀರ್ಮಾನ ಮಾಡೋದಕ್ಕೆ ಒಂದು ಚುನಾವಣೆ ಇಟ್ಟರು. 110 ಸೀಟು. 18 ಕ್ಷೇತ್ರಗಳಿಂದ ಐದೈದರಂತೆ 90. ಉಳಿದ 20 ಸೀಟನ್ನ ಒಟ್ಟು ಮತದಲ್ಲಿ ಮೊದಲ ಹತ್ತು ಸ್ಥಾನ ಪಡೆದ ಪಕ್ಷಗಳಿಗೆ ಎರಡೆರಡರಂತೆ ಹಂಚಿದರು. ಬಂದೂಕು ಹಿಡಿದ ಗುಂಪುಗಳಿಗೆ ಹತ್ತಿರದ ಸಣ್ಣ ಪಕ್ಷಗಳು ಹೊರಗುಳಿಯಬಾರದು ಅನ್ನೋ ಲೆಕ್ಕಾಚಾರ ಅದು, ಹೆಂಗಸರ ಮೇಲಿನ ಪ್ರೀತಿಯಿಂದಲ್ಲ. ಆದರೆ ಮೋನಿಕಾ ಮೆಕ್‌ವಿಲಿಯಮ್ಸ್, ಪರ್ಲ್ ಸೇಗರ್ ಮತ್ತು ಜೊತೆಗಾರ್ತಿಯರು ಆ ಸಂದಿ ನೋಡಿಕೊಂಡರು. ವಾರಗಳ ಲೆಕ್ಕದಲ್ಲಿ ವಿಮೆನ್ಸ್ ಕೊಯಲಿಷನ್ ಅಂತ ಪಕ್ಷ ಕಟ್ಟಿ ಊರೂರಲ್ಲಿ ಅಭ್ಯರ್ಥಿ ನಿಲ್ಲಿಸಿದರು. ಗೆಲ್ಲೋದಕ್ಕಲ್ಲ, ಎಲ್ಲೆಡೆಯ ಚಿಲ್ಲರೆ ಮತ ಕೂಡಿಸಿಕೊಳ್ಳೋದಕ್ಕೆ. ಬಿದ್ದದ್ದು 7,731 ಮತ, ಶೇ 1ರ ಆಸುಪಾಸು. ಒಂಬತ್ತನೇ ಸ್ಥಾನ, ಎರಡು ಕುರ್ಚಿ. 1998ರ ಏಪ್ರಿಲ್ 10ರ ಒಪ್ಪಂದದಲ್ಲಿ ಸಂತ್ರಸ್ತರ ನೆರವು, ಎರಡೂ ಸಮುದಾಯದ (ಕ್ಯಾಥೊಲಿಕ್, ಪ್ರೊಟೆಸ್ಟೆಂಟ್) ಮಕ್ಕಳು ಒಟ್ಟಿಗೆ ಓದುವ ಶಾಲೆ, ನಾಗರಿಕ ವೇದಿಕೆ ಇವೆಲ್ಲ ಸೇರಿದ್ದು ಆ ಎರಡು ಕುರ್ಚಿಯಿಂದ.

ಕೆಟ್ಟದ್ದೆಲ್ಲಿ? ನಾಗರಿಕ ವೇದಿಕೆಗೆ ಸಲಹೆ ಕೊಡುವ ಅಧಿಕಾರ ಮಾತ್ರ ಇತ್ತು. 2002ರಲ್ಲಿ ವಿಧಾನಸಭೆ ಅಮಾನತಾದಾಗ ಅದೂ ಮಲಗಿತು, ಮತ್ತೆ ಏಳಲಿಲ್ಲ. ಮುಂದಿನ ಚುನಾವಣೆಗಳಲ್ಲಿ ಆ ಹೆಚ್ಚುವರಿ 20 ಸೀಟಿನ ಪದ್ಧತಿ ಇರಲಿಲ್ಲ. 2006ಕ್ಕೆ ಪಕ್ಷವೇ ಮುಚ್ಚಿತು.

ಕೊಲಂಬಿಯಾದ್ದು ಇನ್ನೊಂದು ಥರ. ಹವಾನಾದಲ್ಲಿ ಸರ್ಕಾರಕ್ಕೂ ಫಾರ್ಕ್ ಅನ್ನೋ ಬಂಡುಕೋರ ಪಡೆಗೂ ಮಾತುಕತೆ ಶುರುವಾಗಿ ಎರಡು ವರ್ಷ ಆದಮೇಲೆ, 2014ರಲ್ಲಿ, ಲಿಂಗತ್ವ ಉಪಸಮಿತಿ ಮಾಡಿದರು. ಆಗಲೇ ಮುಗಿದಿದ್ದ ಅಧ್ಯಾಯಗಳನ್ನೂ ಅದು ಮತ್ತೆ ತೆರೆದು ಓದಿತು: ಜಮೀನಿನ ಪಟ್ಟೆ ಯಾರ ಹೆಸರಿಗೆ, ಪರಿಹಾರ ಯಾರ ಕೈಗೆ, ಲೈಂಗಿಕ ಅಪರಾಧಕ್ಕೆ ಕ್ಷಮಾದಾನ ಉಂಟೋ ಇಲ್ಲವೋ. ಅದಕ್ಕೆ ಕ್ಷಮೆ ಇಲ್ಲ ಅಂತ ಬರೆಸಿದರು, ಬರೆದದ್ದು ನಿಂತಿತು. ಆದರೆ 2016ರ ಅಕ್ಟೋಬರ್ 2ರ ಜನಮತದಲ್ಲಿ ಒಪ್ಪಂದ ಸುಮಾರು 54 ಸಾವಿರ ಮತಗಳಲ್ಲಿ ಸೋತಿತು. ವಿರೋಧಿ ಪ್ರಚಾರದ ಒಂದು ಗಟ್ಟಿ ಅಸ್ತ್ರ ‘ಲಿಂಗತ್ವ ಸಿದ್ಧಾಂತ’ ಅನ್ನೋ ಬೊಬ್ಬೆ, ಸಂಸಾರ ಒಡೀತಾರೆ ಅನ್ನೋ ಭಯ. ನವೆಂಬರ್‌ನಲ್ಲಿ ಪಠ್ಯ ತಿದ್ದಿದಾಗ ‘ಲಿಂಗತ್ವ’ ಇದ್ದ ಎಷ್ಟೋ ಕಡೆ ‘ಹೆಂಗಸರು’ ಅಂತ ಬಂತು. ಅಂತಿಮ ಒಪ್ಪಂದದ 578 ಅಂಶಗಳಲ್ಲಿ 130 ಹೆಂಗಸರಿಗೆ, ಲಿಂಗ ಸಮಾನತೆಗೆ ಸಂಬಂಧಿಸಿದವು ಅಂತ ಅಮೆರಿಕದ ಕ್ರಾಕ್ ಶಾಂತಿ ಅಧ್ಯಯನ ಸಂಸ್ಥೆ ಎಣಿಸಿ ಜಾರಿ ಅಳೀತಾ ಬಂದಿದೆ. ಉಳಿದವಕ್ಕಿಂತ ಇವು ಹಿಂದೆ. ಒಂದು ಕಾರಣ ಸರಳ: ಎಷ್ಟೋ ಅಂಶಗಳು ಜಮೀನು ಮತ್ತು ಹಳ್ಳಿ ಸುಧಾರಣೆಯ ಅಧ್ಯಾಯದಲ್ಲಿವೆ, ಆ ಅಧ್ಯಾಯವೇ ಕುಂಟುತ್ತಿದೆ.

ನೇರನುಡಿ
ಎಲ್ಲಾ ಸರಿ ಸಾರ್, ಆದರೆ ಮೂಲದಲ್ಲೇ ಒಂದು ಸುಳ್ಳಿದೆಯಲ್ಲ, ಹೆಂಗಸು ಅಂದರೆ ಶಾಂತಿ ಅನ್ನೋದು. 1982ರಲ್ಲಿ ಫಾಕ್‌ಲೆಂಡ್‌ಗೆ ನೌಕಾಪಡೆ ಕಳಿಸಿದ್ದು ಥ್ಯಾಚರ್. 1971ರಲ್ಲಿ ಇಂದಿರಾ ಗಾಂಧಿ, 1973ರಲ್ಲಿ ಗೋಲ್ಡಾ ಮೆಯಿರ್. ಕುರ್ಚಿ ಮೇಲೆ ಯಾರು ಕೂತರೇನು, ಕುರ್ಚಿಯ ಗುಣ ಅಲ್ವಾ ಅದು?

ಹೊಳೆದಂಡೆ
ಹೆಂಗಸು ಅಂದರೆ ಶಾಂತಿ ಅಂತ ಇಲ್ಲಿ ಯಾರು ಅಂದರು? ನೀವೇ ಗೊಂಬೆ ಮಾಡಿ ನೀವೇ ಹೊಡೀತಿದ್ದೀರಿ. ವಾದ ಇರೋದು ಮಾಹಿತಿಯದ್ದು. ಯುದ್ಧದಲ್ಲಿ ಅರ್ಧ ಜನಕ್ಕೆ ಏನಾಯಿತು ಅಂತ ಮೇಜಿನಲ್ಲಿರೋರಿಗೆ ಗೊತ್ತಿಲ್ಲದಿದ್ದರೆ ನಿಯಮ ತಪ್ಪಾಗಿ ಬರೀತಾರೆ. ಅದಕ್ಕೆ ಅಚ್ಚುಕಟ್ಟಾದ ಉದಾಹರಣೆ ಡಿಡಿಆರ್, ಅಂದರೆ ಆಯುಧ ಒಪ್ಪಿಸಿಕೊಂಡು, ಪಡೆ ಕರಗಿಸಿ, ಹೋರಾಟಗಾರರನ್ನ ಊರಿಗೆ ಸೇರಿಸೋ ಕಾರ್ಯಕ್ರಮ.

ಸಿಯೆರಾ ಲಿಯೋನ್‌ನಲ್ಲಿ ಶಿಬಿರದ ಬಾಗಿಲಲ್ಲಿ ಕೇಳ್ತಿದ್ದದ್ದು ಬಂದೂಕು. ತಂದಿದ್ದೀಯಾ, ಬಿಚ್ಚಿ ಜೋಡಿಸಿ ತೋರಿಸು, ಆಮೇಲೆ ಹೆಸರು ಬರ್ಕೋತೀವಿ. ಪಡೆಗಳಲ್ಲಿದ್ದ ಹುಡುಗಿಯರಲ್ಲಿ ಬಹಳ ಮಂದಿ ಅಪಹರಣವಾಗಿ ಬಂದವರು. ಅಡುಗೆ, ಹೊರೆ ಹೊರೋದು, ಬೇಹು, ಕಮಾಂಡರನ ‘ಹೆಂಡತಿ’, ನಡುನಡುವೆ ಯುದ್ಧ. ಕೈಯಲ್ಲಿದ್ದ ಬಂದೂಕನ್ನು ಕಮಾಂಡರ್ ಕಿತ್ತುಕೊಂಡು ತನ್ನ ಕಡೆಯವನಿಗೆ ಕೊಟ್ಟರೆ ಮುಗೀತು, ಅವನ ಹೆಸರು ಪಟ್ಟಿಗೆ, ಇವಳದು ಬೀದಿಗೆ. 2002ರ ಆರಂಭದಲ್ಲಿ ಮುಗಿದಾಗ ಸುಮಾರು 72 ಸಾವಿರ ಮಂದಿ ಆಯುಧ ಒಪ್ಪಿಸಿದ್ದರು, ಅದರಲ್ಲಿ ಹೆಂಗಸರು 5 ಸಾವಿರವೂ ಇಲ್ಲ.

ಪಕ್ಕದ ಲೈಬೀರಿಯಾದಲ್ಲಿ ನಿಯಮ ಬದಲಾಯಿಸಿದರು. ‘ಹೋರಾಟದ ಪಡೆಗಳ ಜೊತೆಗಿದ್ದ ಹೆಂಗಸರು’ ಅನ್ನೋ ಪ್ರತ್ಯೇಕ ವರ್ಗ ಮಾಡಿದರು, ಬಂದೂಕು ಇಲ್ಲದೆಯೂ ಹೆಸರು ಬರೆಸಬಹುದು. ಉಳಿದವರಿಗೂ ಬಂದೂಕಿನ ಬದಲು 150 ಗುಂಡು ಒಪ್ಪಿಸಿದರೆ ಸಾಕು. 2003ರ ಡಿಸೆಂಬರ್‌ನ ಮೊದಲ ಪ್ರಯತ್ನದಲ್ಲಿ ಅಂದಾಜಿಗಿಂತ ಎಷ್ಟೋ ಪಟ್ಟು ಜನ ನುಗ್ಗಿ ಗಲಭೆಯಾಗಿ ನಿಲ್ಲಿಸಬೇಕಾಯಿತು, 2004ರ ಏಪ್ರಿಲ್‌ನಲ್ಲಿ ಮತ್ತೆ ಶುರು. ಕೊನೆಗೆ 1 ಲಕ್ಷದ 3 ಸಾವಿರ ಜನ, ಅದರಲ್ಲಿ 22 ಸಾವಿರ ಹೆಂಗಸರು. ಒಂದು ಸಾಲಿನ ನಿಯಮದಿಂದ ಇಷ್ಟು ವ್ಯತ್ಯಾಸ.

ತಕ್ಕಡಿ
ಅದೇ ಲೈಬೀರಿಯಾದಲ್ಲಿ ಸಿಕ್ಕ ಆಯುಧ 28 ಸಾವಿರ ಚಿಲ್ಲರೆ. ಹೆಚ್ಚುಕಡಿಮೆ ನಾಲ್ಕು ಜನಕ್ಕೆ ಒಂದು. ತಲೆಗೆ 300 ಡಾಲರ್ ಎರಡು ಕಂತಲ್ಲಿ ಕೊಡ್ತಾರೆ ಅಂದಾಗ ಯುದ್ಧವೇ ಮಾಡದವರೂ ಸಾಲಲ್ಲಿ ನಿಂತರು. ನಿಯಮ ಸಡಿಲಿಸಿದ್ದಕ್ಕೆ ತೆತ್ತ ಬೆಲೆಯನ್ನೂ ಬರೀರಿ.

ಹೊಳೆದಂಡೆ
ಒಪ್ಪಿದೆ. ಆದರೆ ಪಟ್ಟಿ ಉಬ್ಬೋದಕ್ಕೆ ನಗದಿನ ಆಸೆಯ ಜೊತೆ 150 ಗುಂಡಿನ ನಿಯಮವೂ ಕಾರಣ. ಗುಂಡನ್ನ ಹಂಚಿಕೊಳ್ಳೋದು, ಮಾರೋದು ಎರಡೂ ಸುಲಭ. ಹೆಂಗಸರ ವರ್ಗದ ಮೇಲೆ ಪೂರ್ತಿ ತಪ್ಪು ಹೊರಿಸಬೇಡಿ. ಇನ್ನೊಂದು ತೊಡಕು ಹೇಳಲೇ? ಹೆಸರು ಬರೆಸೋದೇ ಕಳಂಕ. ‘ಬಂಡುಕೋರನ ಹೆಂಡತಿ’ ಅನ್ನೋ ಗುರುತಿನ ಚೀಟಿ ಹಿಡಿದು ಊರಿಗೆ ಹೋಗೋದು ಬೇಡ ಅಂತ ಹಣ ಬಿಟ್ಟು ಹೋದವರಿದ್ದಾರೆ. ಹಾಗಾಗಿ ಶಿಬಿರದಲ್ಲಿ ಹೆಂಗಸರಿಗೆ ಬೇರೆ ಸರದಿ, ಹೆಸರು ಬರೆಯೋಕೆ ಹೆಂಗಸೇ, ತನ್ನನ್ನು ಹಿಡಿದಿಟ್ಟಿದ್ದವನ ಕಣ್ಣಿಗೆ ಬೀಳದಂತೆ ಬೇರೆ ವಸತಿ, ಇವೆಲ್ಲ ಮೊದಲ ದಿನವೇ ಇರಬೇಕು. ಆಮೇಲೆ ಸೇರಿಸ್ತೀವಿ ಅಂದರೆ ಹೋದವರು ವಾಪಸ್ ಬರಲ್ಲ.

ನೀಲಿಟೊಪ್ಪಿ
ಶಾಂತಿಪಾಲನೆ ಬಗ್ಗೆ ಯಾರೂ ಎತ್ತಲಿಲ್ಲ, ನಾನು ಬರೀತೀನಿ. 1993ರಲ್ಲಿ ಸಮವಸ್ತ್ರದವರಲ್ಲಿ ಹೆಂಗಸರು ಶೇ 1. ಈಗಿನ ಗುರಿ 2028ಕ್ಕೆ ಹೀಗಿದೆ: ಸೇನಾ ತುಕಡಿಗಳಲ್ಲಿ ಶೇ 15, ವೀಕ್ಷಕರು ಮತ್ತು ಸ್ಟಾಫ್ ಅಧಿಕಾರಿಗಳಲ್ಲಿ ಶೇ 25, ಸಂಘಟಿತ ಪೊಲೀಸ್ ತುಕಡಿಗಳಲ್ಲಿ ಶೇ 20, ಬಿಡಿ ಪೊಲೀಸ್ ಅಧಿಕಾರಿಗಳಲ್ಲಿ ಶೇ 30. ತುಕಡಿಯ ಗುರಿ ಯಾಕೆ ಕಮ್ಮಿ ಅಂದರೆ ತುಕಡಿ ಬರೋದು ಆಯಾ ದೇಶದ ಬೆಟಾಲಿಯನ್ನಿಂದ. ಅಲ್ಲಿ ಹೆಂಗಸರೇ ಇಲ್ಲದಿದ್ದರೆ ಇಲ್ಲಿ ಎಲ್ಲಿಂದ ಬರ್ತಾರೆ?

ತಡೆ ಎಲ್ಲೆಲ್ಲಿ ಅಂತ ನೋಡಿದರೆ ನಗು ಬರುತ್ತೆ. ಹುದ್ದೆಯ ಸುತ್ತೋಲೆ ಹೆಂಗಸರಿರೋ ಘಟಕಕ್ಕೆ ತಲುಪಲ್ಲ. ತಲುಪಿದರೂ ಇಷ್ಟು ವರ್ಷ ಯುದ್ಧ ಘಟಕದ ಅನುಭವ ಅಂತ ಷರತ್ತು, ಆ ಘಟಕಕ್ಕೆ ಹೆಂಗಸರನ್ನ ಸೇರಿಸಿಕೊಂಡಿದ್ದೇ ಮೊನ್ನೆಮೊನ್ನೆ. ಪೊಲೀಸರ ಆಯ್ಕೆ ಪರೀಕ್ಷೆಯಲ್ಲಿ ಭಾಷೆ, ಬಂದೂಕು, ಡ್ರೈವಿಂಗ್ ಮೂರೂ ಪಾಸಾಗಬೇಕು. ಫೋರ್ ವೀಲ್ ಡ್ರೈವ್ ಗಾಡಿ ರಿವರ್ಸ್ ತಗೊಂಡು ಕಂಬಗಳ ನಡುವೆ ನಿಲ್ಲಿಸಬೇಕು, ಅಲ್ಲೇ ಬಹಳ ಹೆಂಗಸರು ಫೇಲ್, ಯಾಕೆಂದರೆ ಅವರ ಠಾಣೆಯಲ್ಲಿ ಸ್ಟಿಯರಿಂಗ್ ಯಾವತ್ತೂ ಗಂಡಸಿನ ಕೈಲೇ. ವಿಶ್ವಸಂಸ್ಥೆ ಆಮೇಲೆ ಹೆಂಗಸರಿಗೇ ಅಂತ ಪೂರ್ವತಯಾರಿ ಕೋರ್ಸ್ ನಡೆಸಿತು, ಪಾಸಾಗೋರು ಹೆಚ್ಚಾದರು. ಗುಂಡುನಿರೋಧಕ ಜಾಕೆಟ್ಟೂ ಅಷ್ಟೇ: ಗಂಡಸಿನ ಅಳತೆಯ ಪ್ಲೇಟು ಗಾಡಿಯಲ್ಲಿ ಕೂತಾಗ ಗಂಟಲಿಗೆ ಒತ್ತುತ್ತೆ, ಭುಜದ ಹತ್ತಿರ ಸಡಿಲ ಇರೋದರಿಂದ ಬಂದೂಕಿನ ಹಿಡಿ ಊರೋದಕ್ಕೆ ಜಾಗ ಸಿಗಲ್ಲ. ಹಾಗಂತ ಕಳಚಿಟ್ಟರೆ ಗಸ್ತಿಗೆ ಬಿಡಲ್ಲ.

ಭಾರತ 2007ರ ಜನವರಿಯಲ್ಲಿ ಲೈಬೀರಿಯಾಕ್ಕೆ ಕಳಿಸಿದ್ದು ಜಗತ್ತಿನ ಮೊದಲ ಪೂರ್ಣ ಮಹಿಳಾ ಪೊಲೀಸ್ ತುಕಡಿ. ನೂರಕ್ಕೂ ಹೆಚ್ಚು ಮಂದಿ, ವರ್ಷಕ್ಕೊಮ್ಮೆ ಬದಲಾವಣೆ, 2016ರವರೆಗೆ ಇದ್ದರು. ಹೊಗಳೋರು ಬಹಳ, ಹೊಗಳಬೇಕಾದ್ದೇ. ಆದರೆ ಸಂಘಟಿತ ತುಕಡಿ ಅಂದರೆ ಗಲಭೆ ನಿಯಂತ್ರಣ, ಕಾವಲು. ಅಧ್ಯಕ್ಷೆಯ ಕಚೇರಿ ಕಾಯೋದು ಅವರ ಕೆಲಸಗಳಲ್ಲೊಂದು. ಸ್ಥಳೀಯ ಹೆಂಗಸು ಬಂದು ದೂರು ಹೇಳಿಕೊಳ್ಳುವ ಠಾಣೆ ಅಲ್ಲ ಅದು. ಪ್ರಭಾವ ಇತ್ತು, ಅದು ಕಣ್ಣಿಗೆ ಕಾಣಿಸಿದ್ದರ ಪ್ರಭಾವ. ಲೈಬೀರಿಯಾ ಪೊಲೀಸಿಗೆ ಹೆಂಗಸರು ಸೇರಿದ್ದಕ್ಕೆ ಇನ್ನೊಂದು ನೇರ ಕಾರಣವೂ ಇದೆ: ಹೈಸ್ಕೂಲ್ ಪಾಸಾಗದ ಹೆಂಗಸರಿಗೆ ಸರ್ಟಿಫಿಕೇಟ್ ಕೊಡಿಸೋ ತ್ವರಿತ ಕೋರ್ಸ್. ಅದರ ಅಡ್ಡಪರಿಣಾಮ, ಬರವಣಿಗೆ ಸಾಲದೆ ದೂರು ದಾಖಲಿಸೋಕೆ ಕಷ್ಟಪಟ್ಟವರೂ ಇದ್ದರು.

ಈಗಿನ ಸ್ಥಿತಿ ಕೇಳಿದರೆ, ಮಾಲಿಯ ಪಡೆ 2023ರ ಕೊನೆಗೆ ಮುಚ್ಚಿತು. ಲೆಬನಾನಿನದು 2026ರ ಡಿಸೆಂಬರ್ 31ಕ್ಕೆ ಮುಗಿಯಬೇಕು ಅಂತ ತೀರ್ಮಾನ ಆಗಿದೆ. 2025ರ ಅಕ್ಟೋಬರ್‌ನಲ್ಲಿ ಹಣವಿಲ್ಲದೆ ಒಂಬತ್ತು ಕಾರ್ಯಾಚರಣೆಗಳಲ್ಲಿ ಶಾಂತಿಪಾಲಕರನ್ನ ಕಾಲು ಭಾಗ ಕಡಿತ ಮಾಡ್ತೀವಿ ಅಂದರು. ಇನ್ನು ಮುಂದೆ ಶೇಕಡಾವಾರು ನೋಡಿ ಮೋಸ ಹೋಗಬೇಡಿ. ತುಕಡಿಗಳು ವಾಪಸ್ ಹೋದಾಗ ಗಂಡಸರ ಸಂಖ್ಯೆ ಜಾಸ್ತಿ ಇಳಿಯುತ್ತೆ, ಹೆಂಗಸರ ಶೇಕಡಾವಾರು ಏರುತ್ತೆ, ತಲೆ ಎಣಿಸಿದರೆ ಕಮ್ಮಿ ಆಗಿರುತ್ತೆ.

ಅಡ್ಡಕಸುಬಿ
ರಿವರ್ಸ್ ಪರೀಕ್ಷೆ ಇಟ್ಟರೆ ಅರ್ಧ ಗಂಡಸರೂ ಮನೆಗೇ.

ಗೋಡೆಗಡಿಯಾರ
@ಕಡತಹುಳ, ರಾಷ್ಟ್ರೀಯ ಕ್ರಿಯಾಯೋಜನೆ ಅಂತ ನೂರಕ್ಕೂ ಹೆಚ್ಚು ದೇಶ ಮಾಡಿಕೊಂಡಿವೆಯಲ್ಲ. ಅದರಲ್ಲಿ ಕಾಳು ಯಾವುದು ಜೊಳ್ಳು ಯಾವುದು ಅಂತ ಓದಿದ ಕೂಡಲೇ ತಿಳಿಯೋ ಉಪಾಯ ಇದೆಯಾ?

ಕಡತಹುಳ
ಇದೆ. ಮುನ್ನುಡಿ ಬಿಡಿ, ಕೊನೆಯ ಕೋಷ್ಟಕಕ್ಕೆ ಹೋಗಿ. ಪ್ರತಿ ಕೆಲಸದ ಎದುರು ಯಾವ ಇಲಾಖೆ, ಯಾವ ವರ್ಷ, ಎಷ್ಟು ಹಣ, ಈ ಮೂರು ಅಂಕಣ ಭರ್ತಿಯಾಗಿದೆಯಾ ನೋಡಿ. ‘ಸಂಬಂಧಪಟ್ಟ ಇಲಾಖೆಗಳು’, ‘ನಿರಂತರ’, ‘ಲಭ್ಯ ಅನುದಾನದಲ್ಲಿ’ ಅಂತ ಇದ್ದರೆ ಅದು ಜೊಳ್ಳು. ಹೊಣೆ ಮಹಿಳಾ ಇಲಾಖೆಯ ಮೇಲೆ ಮಾತ್ರ ಇದ್ದು ರಕ್ಷಣೆ, ಗೃಹ, ಹಣಕಾಸು ಇಲಾಖೆಗಳ ಸಹಿ ಇಲ್ಲದಿದ್ದರೂ ಅದೇ ಗತಿ. ಮೊದಲ ಯೋಜನೆ ಡೆನ್ಮಾರ್ಕ್‌ದು, 2005. ದಕ್ಷಿಣ ಏಷ್ಯಾದಲ್ಲಿ ಮೊದಲು ನೇಪಾಳ, 2011. ಭಾರತಕ್ಕೆ ಇಂಥ ಯೋಜನೆ ಇಲ್ಲ.

ನೇಪಾಳದ್ದು ಕಾಗದದ ಮೇಲೆ ಒಳ್ಳೆಯದೇ. ಎಡವಿದ್ದು ಬೇರೆ ಕಾನೂನುಗಳಲ್ಲಿ. ಅತ್ಯಾಚಾರದ ದೂರು 35 ದಿನದೊಳಗೆ ಕೊಡಬೇಕು ಅಂತ ಹಳೇ ಸಂಹಿತೆಯಲ್ಲಿತ್ತು. ಹತ್ತು ವರ್ಷದ ಅಂತರ್ಯುದ್ಧದಲ್ಲಿ ಅನ್ಯಾಯಕ್ಕೊಳಗಾದವಳು ಒಪ್ಪಂದ ಆದಮೇಲೆ ಬಾಯಿ ಬಿಟ್ಟರೆ ಅವಧಿ ಎಂದೋ ಮೀರಿದೆ. ಅದರ ಮೇಲೆ, ಸಂಘರ್ಷ ಸಂತ್ರಸ್ತರಿಗೆ ಮಧ್ಯಂತರ ಪರಿಹಾರ ಕೊಡುವಾಗ ಸತ್ತವರ ಕುಟುಂಬ, ಕಾಣೆಯಾದವರು, ಅಂಗವಿಕಲರಾದವರು ಅಂತೆಲ್ಲ ವರ್ಗ ಮಾಡಿದರು, ಲೈಂಗಿಕ ಹಿಂಸೆಗೆ ವರ್ಗವೇ ಇರಲಿಲ್ಲ. ಅರ್ಜಿ ನಮೂನೆಯಲ್ಲಿ ಗುರುತು ಹಾಕೋಕೆ ಚೌಕ ಇಲ್ಲ ಅಂದಮೇಲೆ ಯೋಜನೆಯ ಪುಟ ಎಷ್ಟಿದ್ದರೇನು?

ಇನ್ನೊಂದು, ಶೇಕಡಾವಾರು ಮೀಸಲಾತಿ ಕಂಡರೆ ಕೂಡಿಸಿ ನೋಡಿ. ದಕ್ಷಿಣ ಸುಡಾನ್‌ನ 2018ರ ಸೆಪ್ಟೆಂಬರ್ ಒಪ್ಪಂದದಲ್ಲಿ ಕಾರ್ಯಾಂಗದಲ್ಲಿ ಹೆಂಗಸರಿಗೆ ಶೇ 35 ಅಂತ ಬರೆದಿದೆ. ಮುಂದೆ ಸಚಿವರ ನೇಮಕದ ಕಲಮಿಗೆ ಬನ್ನಿ: 35 ಸಚಿವರಲ್ಲಿ ಸರ್ಕಾರದ ಕಡೆಯವರು ಕನಿಷ್ಠ 6 ಹೆಂಗಸರನ್ನ, ಬಂಡಾಯ ನಾಯಕ ಮಚಾರ್ ಬಣ 3, ಇನ್ನೊಂದು ಒಕ್ಕೂಟ 1 ಕೊಡಬೇಕು. ಒಟ್ಟು 10. ಹತ್ತನ್ನ 35ರಿಂದ ಭಾಗಿಸಿದರೆ ಶೇ 28.6. ಒಪ್ಪಂದವನ್ನ ಅಕ್ಷರಶಃ ಪಾಲಿಸಿದರೂ ಒಪ್ಪಂದ ಮುರಿಯುತ್ತೆ! ಪ್ರತಿ ಪಕ್ಷವೂ ತನ್ನ ಪಟ್ಟಿ ತಾನೇ ಕೊಡುತ್ತೆ, ಒಟ್ಟು ಲೆಕ್ಕ ತಪ್ಪಿದರೆ ಪಟ್ಟಿ ವಾಪಸ್ ಕಳಿಸುವ ಅಧಿಕಾರ ಯಾರಿಗೂ ಇಲ್ಲ. ರಾಜ್ಯಪಾಲರ ವಿಷಯ ಕೇಳಲೇಬೇಡಿ: 2020-21ರಲ್ಲಿ 10 ರಾಜ್ಯಕ್ಕೆ ನೇಮಿಸಿದಾಗ ಒಬ್ಬಳೇ ಒಬ್ಬಳು.

ಸಂಧಿವಿಗ್ರಹಿ
ಈ 28.6ರ ಲೆಕ್ಕ ಚೆನ್ನಾಗಿದೆ. ಪಟ್ಟಿ ತಿರಸ್ಕರಿಸುವ ಅಧಿಕಾರ ಅನ್ನೋದೇ ಗುಟ್ಟು. 2020ರ ಆಫ್ಘನ್ ಮಾತುಕತೆಯಲ್ಲಿ ಸರ್ಕಾರದ 21 ಜನರ ತಂಡದಲ್ಲಿ 4 ಹೆಂಗಸರಿದ್ದರು. ತಾಲಿಬಾನ್ ತಂಡದಲ್ಲಿ ಸೊನ್ನೆ. ಅದಕ್ಕೂ ಮೊದಲು ಫೆಬ್ರವರಿ 29ರಂದು ಅಮೆರಿಕ ಮತ್ತು ತಾಲಿಬಾನ್ ಮಾತ್ರ ಕೂತು ಸೇನೆ ವಾಪಸಾತಿ ಬರೆದುಕೊಂಡಾಗಿತ್ತು. ಅಂದರೆ ಆ ನಾಲ್ವರು ಒಳಗೆ ಬಂದಾಗ ಚೌಕಾಸಿಗೆ ಉಳಿದಿದ್ದ ಮುಖ್ಯ ಸರಕು ಮಾರಾಟವಾಗಿತ್ತು. 2024ರ ಜೂನ್ 30ರ ದೋಹಾ ಸಭೆಗೆ ತಾಲಿಬಾನ್ ಬಂತು, ಆಫ್ಘನ್ ಹೆಂಗಸರು ಮೇಜಿನಲ್ಲಿರಲಿಲ್ಲ, ಮುಗಿದ ಮೇಲೆ ಬೇರೆಯಾಗಿ ಭೇಟಿ. ಯಾರು ಕೂತರು ಅನ್ನೋದರ ಜೊತೆ ಯಾವ ಸುತ್ತಿನಲ್ಲಿ ಕೂತರು ಅಂತಲೂ ಕೇಳಿ.

ನೇರನುಡಿ
ಸರಿ, ಒಪ್ಪಿದೆ, ನಿಯಮದಲ್ಲಿ ಸತ್ವ ಇದೆ. ಆದರೆ ಯುರೋಪ್ ಈಗ ಬೇರೆ ದಾರಿ ಹಿಡಿದಿದೆ ನೋಡಿ. ನಾರ್ವೆಯಲ್ಲಿ 2015ರಿಂದ ಕಡ್ಡಾಯ ಸೇನಾ ಸೇವೆ ಹೆಂಗಸರಿಗೂ, ಡೆನ್ಮಾರ್ಕ್‌ನಲ್ಲಿ 2025ರ ಜುಲೈಯಿಂದ 18 ತುಂಬಿದ ಹುಡುಗಿಯರ ಹೆಸರೂ ಚೀಟಿಗೆ. 1325 ಓದಿ ‘ಭಾಗವಹಿಸುವಿಕೆ’ ಅಂದರೆ ಬ್ಯಾರಕ್ ಅಂತ ಅರ್ಥ ಮಾಡ್ಕೊಂಡರಾ?

ನೀಲಿಟೊಪ್ಪಿ
ಅವರಿಗೆ ಬೇಕಿರೋದು ತಲೆ ಎಣಿಕೆ, 1325 ನೆಪವೂ ಅಲ್ಲ. ಉಕ್ರೇನ್ ನೋಡಿ, 2016ರಲ್ಲೇ, ಯುದ್ಧದ ನಡುವೆಯೇ, ಕ್ರಿಯಾಯೋಜನೆ ಮಾಡಿತು. 2023ರ ಅಕ್ಟೋಬರ್‌ನಿಂದ ವೈದ್ಯಕೀಯ ವೃತ್ತಿಯ ಹೆಂಗಸರು ಸೇನಾ ನೋಂದಣಿ ಮಾಡಿಸಬೇಕು. ಹೆಂಗಸರ ಅಳತೆಯ ಸಮವಸ್ತ್ರ ಮಾತ್ರ 2022ರ ಪೂರ್ಣ ಪ್ರಮಾಣದ ಯುದ್ಧ ಶುರುವಾಗಿ ವರ್ಷ ಕಳೆದ ಮೇಲೆ.

ನಿರ್ವಾಹಕ
ಕಡ್ಡಾಯ ಸೇವೆ ಬಗ್ಗೆ ಬೇರೆ ಎಳೆ ತೆರೆಯಿರಿ, ಇಲ್ಲಿ ಮುಂದುವರಿದರೆ ಎತ್ತಿ ಅಲ್ಲಿಗೆ ಹಾಕ್ತೀನಿ.

ಮಗ್ಗದಮನೆ
ಹಣದ ಮಾತು ಯಾರೂ ಆಡ್ತಿಲ್ಲ. 2025ರ ಮೇನಲ್ಲಿ ಯುಎನ್ ವಿಮೆನ್ ಹೊರಡಿಸಿದ ಸಮೀಕ್ಷೆ: 44 ಸಂಕಷ್ಟ ಪ್ರದೇಶಗಳ 411 ಮಹಿಳಾ ಸಂಘಟನೆಗಳು, ಶೇ 90ಕ್ಕೆ ನೆರವು ಕಡಿತದ ಪೆಟ್ಟು, ಶೇ 47ಕ್ಕೆ ಆರು ತಿಂಗಳಲ್ಲಿ ಬಾಗಿಲು ಹಾಕೋ ಆತಂಕ. ಕಡಿತ ಬಂದಾಗ ಇವರೇ ಮೊದಲು ಬೀಳೋದಕ್ಕೆ ಲೆಕ್ಕಪತ್ರದಲ್ಲೇ ಕಾರಣ ಇದೆ. ಇವರಿಗೆ ಸಿಗೋ ಹಣ ಬಹುಪಾಲು ಯೋಜನೆಗೆ ಕಟ್ಟಿದ್ದು, ಆರು ತಿಂಗಳೋ ವರ್ಷವೋ. ಬಾಡಿಗೆ, ಲೆಕ್ಕ ಬರೆಯೋರ ಸಂಬಳ ಅದರಲ್ಲಿ ಹುಟ್ಟಲ್ಲ. ದಾನಿ ದೇಶದಿಂದ ದೊಡ್ಡ ಸಂಸ್ಥೆಗೆ, ಅಲ್ಲಿಂದ ಮಧ್ಯವರ್ತಿಗೆ, ಅಲ್ಲಿಂದ ಇವರಿಗೆ ಬರೋ ಹೊತ್ತಿಗೆ ಕೈಯಲ್ಲಿ ಮೀಸಲು ಅಂತ ಒಂದು ಕಾಸೂ ಇರಲ್ಲ. ನೋಂದಣಿ ಇಲ್ಲದ ಗುಂಪಿಗೆ ಬ್ಯಾಂಕ್ ಖಾತೆ ಇಲ್ಲ, ಯುದ್ಧದ ನಾಡಲ್ಲಿ ನೋಂದಣಿ ಕಚೇರಿ ತೆರೆದಿರಲ್ಲ. ನೆರವು ಒಂದು ತಿಂಗಳು ನಿಂತರೆ ದೊಡ್ಡ ಸಂಸ್ಥೆ ರಜೆ ಕೊಡುತ್ತೆ, ಇವರು ಮುಚ್ಚುತ್ತಾರೆ. ಮಾಹಿತಿ ಬೇಕು ಅಂತ ಹೊಳೆದಂಡೆ ಅವರು ಬರೆದರಲ್ಲ, ಮೇಜಿಗೆ ಆ ಮಾಹಿತಿ ತಲುಪಿಸೋದು ಇವರೇ.

ಕಡತಹುಳ
ಮೊದಲ ಪೋಸ್ಟಿಗೆ ಒಂದು ತಿದ್ದುಪಡಿ. ಹೆಗ್ಸೆತ್ ಮುಗಿಸಿದ್ದು ಪೂರ್ತಿ ಅಲ್ಲ. ಅಮೆರಿಕದಲ್ಲಿ 2017ರ ಕಾಯ್ದೆ ಇದೆ, ಟ್ರಂಪ್ ಅವರೇ ಸಹಿ ಹಾಕಿದ್ದು. ಕೆಳಮನೆಯ ಮಸೂದೆ ಬರೆದವರಲ್ಲಿ ಕ್ರಿಸ್ಟಿ ನೋಯೆಮ್ ಒಬ್ಬರು, ಸೆನೆಟ್‌ನಲ್ಲಿ ಬೆಂಬಲಿಸಿದವರಲ್ಲಿ ಮಾರ್ಕೊ ರುಬಿಯೊ, ಇಬ್ಬರೂ ಟ್ರಂಪ್ ಪಕ್ಷದವರೇ. ಕಾಯ್ದೆ ಇರೋವರೆಗೂ ಕಾನೂನು ಹೇಳಿದ ಕನಿಷ್ಠ ಮಾಡಲೇಬೇಕು, ಅದನ್ನ ಹೆಗ್ಸೆತ್ ಅದೇ ಪ್ರಕಟಣೆಯಲ್ಲಿ ಒಪ್ಪಿಕೊಂಡಿದ್ದಾರೆ. ಸ್ವೀಡನ್‌ದು ಬರೀ ನೀತಿ, ಕಾಯ್ದೆ ಅಲ್ಲ, ಅದಕ್ಕೇ ಒಂದು ಹೇಳಿಕೆಯಲ್ಲಿ ಹೋಯಿತು. ಇನ್ನು ಮುಂದೆ ನೋಡಬೇಕಾದ್ದು ಬಜೆಟ್‌ನಲ್ಲಿ ಈ ವಿಷಯದ ಸಲಹೆಗಾರರ ಹುದ್ದೆ ಎಷ್ಟು ಉಳಿಯಿತು ಅಂತ.

ಅಡ್ಡಕಸುಬಿ
ಪೀಠದಲ್ಲಿ ಕೂತೋರ ಬಗ್ಗೆಯೇ ಕೇಳ್ತೀನಿ. ವಿಶ್ವಸಂಸ್ಥೆಗೆ ಇದುವರೆಗೆ ಒಂಬತ್ತು ಪ್ರಧಾನ ಕಾರ್ಯದರ್ಶಿಗಳು, ಒಂಬತ್ತೂ ಗಂಡಸರು. ಗುಟೆರೆಸ್ ಅವಧಿ 2026ರ ಡಿಸೆಂಬರ್ 31ಕ್ಕೆ ಮುಗಿಯುತ್ತೆ. ಈ ಸಲ ಹೆಂಗಸು ಅಂತ ಎಲ್ಲರೂ ಅಂತಾರಲ್ಲ, ಆಗುತ್ತಾ?

ಸಂಧಿವಿಗ್ರಹಿ
2016ರಲ್ಲೂ ಎಲ್ಲರೂ ಅಂದಿದ್ದರು. 13 ಅಭ್ಯರ್ಥಿಗಳಲ್ಲಿ 7 ಹೆಂಗಸರಿದ್ದರು. ಮಂಡಳಿ ಮುಚ್ಚಿದ ಕೋಣೆಯಲ್ಲಿ ಅಣಕು ಮತದಾನ ಮಾಡುತ್ತೆ. ಪ್ರತಿ ಹೆಸರಿನ ಎದುರು ‘ಪ್ರೋತ್ಸಾಹ’, ‘ನಿರುತ್ಸಾಹ’, ‘ಅಭಿಪ್ರಾಯವಿಲ್ಲ’, ಮೂರರಲ್ಲಿ ಒಂದು. ಮೊದಲ ಸುತ್ತುಗಳಲ್ಲಿ ಎಲ್ಲರ ಚೀಟಿಯೂ ಒಂದೇ ಥರ, ನಿರುತ್ಸಾಹ ಯಾರದ್ದು ಅಂತ ತಿಳಿಯಲ್ಲ. ಆರನೇ ಸುತ್ತಲ್ಲಿ, ಅಕ್ಟೋಬರ್ 5ಕ್ಕೆ, ವೀಟೊ ಇರೋ ಐವರು ಕಾಯಂ ಸದಸ್ಯರಿಗೆ ಬೇರೆ ಬಣ್ಣದ ಚೀಟಿ ಕೊಟ್ಟರು, ನಿರುತ್ಸಾಹ ಅವರದ್ದೋ ಅಲ್ಲವೋ ತಿಳಿಯಲಿ ಅಂತ. ಗುಟೆರೆಸ್‌ಗೆ 13 ಪ್ರೋತ್ಸಾಹ, 2 ಅಭಿಪ್ರಾಯವಿಲ್ಲ, ನಿರುತ್ಸಾಹ ಒಂದೂ ಇಲ್ಲ. ಬಲ್ಗೇರಿಯಾ ಅಂತೂ ಬೊಕೊವಾ ಅವರನ್ನ ಕಣದಲ್ಲಿ ಬಿಟ್ಟು ಸೆಪ್ಟೆಂಬರ್ ಕೊನೆಯಲ್ಲಿ ಜಾರ್ಜೀವಾ ಹೆಸರು ಕೊಟ್ಟಿತು, ಒಂದೇ ದೇಶದ ಇಬ್ಬರು ಹೆಂಗಸರು ಎದುರುಬದುರು.

ತಕ್ಕಡಿ
ಹಾಗಾದರೆ 2026ರಲ್ಲಿ ಹೆಂಗಸರು ಎಷ್ಟು ಮಂದಿ ನಿಂತರು ಅಂತ ಎಣಿಸೋದು ಬಿಡಿ. ಬಣ್ಣದ ಚೀಟಿ ಬರೋ ಸುತ್ತಿನವರೆಗೂ ಎಷ್ಟು ಮಂದಿ ಉಳಿದರು ಅಂತ ಎಣಿಸಿ.

ಗೋಡೆಗಡಿಯಾರ
ಎಣಿಸ್ತೀನಿ. ಅಷ್ಟರೊಳಗೆ @ಹೊಳೆದಂಡೆ, ಆ ಶಿಬಿರದ ಬೇರೆ ಸರದಿ, ಬೇರೆ ವಸತಿ ವಿಷಯ ಇನ್ನಷ್ಟು ವಿವರವಾಗಿ ಬರೀತೀರಾ? ಕದನವಿರಾಮದ ಪಠ್ಯದಲ್ಲೇ ಅದನ್ನ ಸೇರಿಸೋಕೆ ಆಗುತ್ತಾ, ಅಥವಾ ಜಾರಿ ನಿಯಮದಲ್ಲಿ ಬರಬೇಕಾ?

ಹೊಳೆದಂಡೆ
ಪಠ್ಯದಲ್ಲಿ ಎರಡು ಸಾಲು ಸಾಕು: ಕದನವಿರಾಮ ಉಲ್ಲಂಘನೆಯ ವ್ಯಾಖ್ಯೆಯಲ್ಲಿ ಲೈಂಗಿಕ ಹಿಂಸೆ ಅಂತ ಹೆಸರಿಸಿ ಬರೆಯೋದು, ಉಸ್ತುವಾರಿ ತಂಡದಲ್ಲಿ ಹೆಂಗಸರ ಸಂಖ್ಯೆಯನ್ನ ಅಂಕಿಯಲ್ಲಿ ಬರೆಯೋದು. ಮೊದಲನೇದು ಇಲ್ಲದಿದ್ದರೆ ಗುಂಡು ಹಾರಿದ್ದು ಮಾತ್ರ ಉಲ್ಲಂಘನೆ, ಉಳಿದದ್ದು ‘ಸಾಮಾನ್ಯ ಅಪರಾಧ’ ಅಂತ ಪಕ್ಕಕ್ಕಿಡ್ತಾರೆ. ವಸತಿ, ಸರದಿ ಇವು ಜಾರಿ ನಿಯಮಕ್ಕೆ. ಅದನ್ನ ನಾಳೆ ಬೇರೆ ಎಳೆಯಲ್ಲಿ ಬರೀತೀನಿ, ಇದು ಈಗಲೇ ಉದ್ದ ಆಯಿತು.